ಬೇಡವಾದ ಆಟಗಾರನನ್ನು ಎದುರಾಳಿ ಕ್ಲಬ್‌ಗೇ ಯಾಕೆ ಬಿಟ್ಟುಕೊಡುತ್ತಾರೆ?

ಬೂಟುಬಿಚ್ಚದವ

ಕ್ಲಬ್‌ಗಳು ಆಟಗಾರರನ್ನು ಮಾರುವುದು ಹೊಸದೇನಲ್ಲ. ನನಗೆ ಅರ್ಥವಾಗದೇ ಇರುವುದು ಬೇರೆ. ಅದೇ ಲೀಗ್‌ನಲ್ಲಿ, ಅದೇ ಕಪ್‌ಗಾಗಿ ತಮ್ಮ ಜೊತೆ ಬಡಿದಾಡುವ ಕ್ಲಬ್‌ಗೇ ಯಾಕೆ ಕೊಡುತ್ತಾರೆ? ಅದೂ ಚಿಲ್ಲರೆ ದುಡ್ಡಿಗೆ. ಕೆಲವು ಸಲ ಪುಕ್ಕಟೆ.

ಮಿಡ್‌ಫೀಲ್ಡರ್ ಆಂದ್ರೆಯಾ ಪಿರ್ಲೊ ವಿಷಯವನ್ನೇ ನೋಡಿ. 2010-11ರಲ್ಲಿ ಎಸಿ ಮಿಲಾನ್ ಇಟಲಿಯ ಲೀಗ್ ಗೆದ್ದಿತು. ಯುವೆಂಟಸ್‌ಗೆ 7ನೇ ಸ್ಥಾನ. ಅದರ ಹಿಂದಿನ ವರ್ಷವೂ 7ನೇ ಸ್ಥಾನವೇ. ಆ ಬೇಸಿಗೆಯಲ್ಲಿ ಮಿಲಾನ್ ಜೊತೆ ಪಿರ್ಲೊ ಒಪ್ಪಂದ ಮುಗಿಯಿತು. ವಯಸ್ಸು 32. ಮೂವತ್ತು ದಾಟಿದವರಿಗೆ ಒಂದೊಂದೇ ವರ್ಷದ ಒಪ್ಪಂದ ಕೊಡುವುದು ಆಗಿನ ಮಿಲಾನ್ ಪದ್ಧತಿ. ಅವನಿಗೆ ಮೂರು ವರ್ಷ ಬೇಕಿತ್ತು. ಯುವೆಂಟಸ್ ಮೂರು ವರ್ಷ ಕೊಟ್ಟಿತು. ಮಿಲಾನ್‌ಗೆ ಒಂದು ಪೈಸೆಯೂ ಸಿಗಲಿಲ್ಲ. ಮುಂದಿನ ಸೀಸನ್‌ನಲ್ಲಿ ಯುವೆಂಟಸ್ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು. ಎರಡನೇ ಸ್ಥಾನ ಯಾರಿಗೆ? ಮಿಲಾನ್‌ಗೆ. 84 ಅಂಕ, 80 ಅಂಕ. ಪಿರ್ಲೊ ಅಲ್ಲಿದ್ದ ನಾಲ್ಕು ವರ್ಷವೂ ಲೀಗ್ ಯುವೆಂಟಸ್‌ಗೇ ಹೋಯಿತು.

ಮಿಲಾನ್‌ಗೆ ಅವನ ಬೆಲೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಹತ್ತು ವರ್ಷ ಇಟ್ಟುಕೊಂಡಿದ್ದರು. ಅವನ ಜೊತೆ ಯುರೋಪಿನ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಎರಡು ಸಲ ಗೆದ್ದಿದ್ದರು. ಅವರು ನೋಡದೇ ಹೋಗಿದ್ದು ಯುವೆಂಟಸ್ ಊರಾದ ಟುರಿನ್‌ನಲ್ಲಿ ಏನು ಕೊರತೆ ಇದೆ ಅನ್ನುವುದನ್ನು. ಇವನು ನಮಗೆ ಎಷ್ಟು ಬೇಕು ಅಂತ ಮಾತ್ರ ಯೋಚಿಸಿದರು. ಅವರಿಗೆ ಎಷ್ಟು ಬೇಕು ಅಂತ ಯೋಚಿಸಲೇ ಇಲ್ಲ. ನನ್ನ ವಾದ ಇಷ್ಟೇ. ಒಪ್ಪದವರು ಬನ್ನಿ, ಜಗಳ ಆಡೋಣ.

ಸಾನ್‌ಸಿರೊ_ಶಿವಮೊಗ್ಗ

ಗಾಯದ ಮೇಲೆ ಬರೆ ಎಳೆಯುತ್ತೀರಲ್ಲ ಸಾರ್.

ಆದರೆ ಅರ್ಧ ಮಾತ್ರ ಹೇಳಿದ್ದೀರಿ. ಆ ಸೀಸನ್‌ನಲ್ಲಿ ಪಿರ್ಲೊ ಗಾಯಗೊಂಡು ಎಷ್ಟೋ ಪಂದ್ಯ ಆಚೆ ಕೂತಿದ್ದ. ಜನವರಿಯಲ್ಲಿ ವಾನ್ ಬೊಮ್ಮೆಲ್ ಬಂದ. ಡಿಫೆನ್ಸ್ ಮುಂದೆ ಅಡ್ಡ ನಿಲ್ಲುವ ಗಟ್ಟಿ ಆಳು ಕೋಚ್ ಅಲೆಗ್ರಿಗೆ ಬೇಕಿತ್ತು. ಆ ಜಾಗಕ್ಕೆ ವಾನ್ ಬೊಮ್ಮೆಲ್, ಆಂಬ್ರೊಸಿನಿ ಸರಿ ಹೋದರು. ಪಿರ್ಲೊನನ್ನು ಎಡಕ್ಕೆ ತಳ್ಳಿದರು. ಅಲ್ಲಿ ಅವನು ಸುಮ್ನೆ ಒಬ್ಬ ಮಿಡ್‌ಫೀಲ್ಡರ್ ಅಷ್ಟೇ. ಹಾಗೆ ಆಡಿಯೇ ಕಪ್ ಬಂತು ನೋಡಿ! ಕಪ್ ಗೆದ್ದ ಕೋಚ್‌ಗೆ "ನಿಮ್ಮ ಲೆಕ್ಕ ತಪ್ಪು" ಅಂತ ಹೇಳುವ ಧೈರ್ಯ ಯಾವ ಆಡಳಿತಕ್ಕೆ ಇರುತ್ತದೆ?

ಯುವೆಂಟಸ್‌ನಲ್ಲಿ ಕೋಚ್ ಕಾಂಟೆ ಮಾಡಿದ್ದು ತದ್ವಿರುದ್ಧ. ಪಿರ್ಲೊನನ್ನು ಹಿಂದೆ ನಿಲ್ಲಿಸಿದ. ಅವನ ಅಕ್ಕಪಕ್ಕ ವಿಡಾಲ್, ಮಾರ್ಕಿಸಿಯೊ. ಓಡುವುದು, ಚೆಂಡು ಕಸಿಯುವುದು ಅವರ ಕೆಲಸ. ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಇವನ ಕೆಲಸ. 32ರ ಕಾಲುಗಳಿಗೆ ಓಡುವ ಕೆಲಸವನ್ನೇ ಕೊಡಲಿಲ್ಲ.

ಇನ್ನೊಂದು ಸಂಗತಿ. 2014ರಲ್ಲಿ ಯುವೆಂಟಸ್ ಕೋಚ್ ಆಗಿ ಬಂದವರು ಯಾರು? ಅದೇ ಅಲೆಗ್ರಿ. ಅದೇ ಪಿರ್ಲೊ ಜೊತೆ ಲೀಗ್ ಗೆದ್ದು, ಬರ್ಲಿನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಅಂದರೆ ಇಬ್ಬರಿಗೂ ಜಗಳ ಇರಲಿಲ್ಲ. ತಂಡ ಬೇರೆ ಇತ್ತು, ಅಷ್ಟೇ.

ಮತ್ತೆ 2012ರ ಫೆಬ್ರವರಿಯಲ್ಲಿ ಯುವೆಂಟಸ್ ವಿರುದ್ಧ ನಮ್ಮ ಮುಂಟಾರಿ ಹೊಡೆದ ಚೆಂಡು ಗೆರೆ ದಾಟಿತ್ತು. ಇಡೀ ಜಗತ್ತು ನೋಡಿದೆ. ಅದನ್ನು ಗೋಲು ಅಂತ ಕೊಟ್ಟಿದ್ದರೆ ನಾವು ಇವತ್ತು ಈ ಚರ್ಚೆಯನ್ನೇ ಮಾಡುತ್ತಿರಲಿಲ್ಲ.

ನೀಲಿಕಪ್ಪು

ಶಿವಮೊಗ್ಗದವರೇ, ಅಷ್ಟು ಅಳುತ್ತೀರಲ್ಲ, ಪಿರ್ಲೊ ನಿಮಗೆ ಸಿಕ್ಕಿದ್ದು ಎಲ್ಲಿಂದ? 2001ರಲ್ಲಿ ನಮ್ಮ ಇಂಟರ್‌ನಿಂದ. ಮರುವರ್ಷ ಸೀಡಾರ್ಫ್‌ನನ್ನೂ ಕೊಟ್ಟೆವು. ಬದಲಿಗೆ ನಮಗೆ ಬಂದವನು ಫ್ರಾನ್ಸೆಸ್ಕೊ ಕೊಕೊ. ಈ ಹೆಸರು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ?

2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಎರಡೂ ತಂಡ ಎದುರಾದವು. 0-0, 1-1. ಎರಡೂ ಪಂದ್ಯ ಒಂದೇ ಮೈದಾನದಲ್ಲಿ. ಆದರೂ "ಹೊರಗಿನ ಗೋಲು" ನಿಯಮದಲ್ಲಿ, ಅಂದರೆ ಎದುರಾಳಿ ಮನೆಯಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಅನ್ನುವ ಆಗಿನ ಲೆಕ್ಕದಲ್ಲಿ, ನಾವು ಔಟ್. ಕಪ್ ಎತ್ತಿದ ಮಿಲಾನ್ ಮಿಡ್‌ಫೀಲ್ಡ್‌ನಲ್ಲಿ ನಾವು ಬಿಟ್ಟುಕೊಟ್ಟವರೇ ಇಬ್ಬರು. ಪಕ್ಕದ ಊರಿಗಲ್ಲ, ಅದೇ ಊರಿಗೆ, ಅದೇ ಸ್ಟೇಡಿಯಂಗೆ ಕೊಟ್ಟಿದ್ದು.

ಸಾನ್‌ಸಿರೊ_ಶಿವಮೊಗ್ಗ

ಥ್ಯಾಂಕ್ಸ್ ಗುರು. ನಿಮ್ಮ ಉಪಕಾರ ಮರೆಯಲ್ಲ.

ಈ_ಸಲ_ಕಪ್_ಬಂತು

ಇಷ್ಟು ದೂರ ಯಾಕೆ ಹೋಗ್ತೀರಾ? ಚಾಹಲ್‌ನನ್ನು ಬಿಟ್ಟ ನಮ್ಮ ಆರ್‌ಸಿಬಿ ಇಲ್ವಾ? 2022ರಲ್ಲಿ ರಾಜಸ್ಥಾನಕ್ಕೆ ಹೋದ. 27 ವಿಕೆಟ್, ಪರ್ಪಲ್ ಕ್ಯಾಪ್. ಕ್ವಾಲಿಫೈಯರ್‌ನಲ್ಲಿ ನಮ್ಮನ್ನೇ ಮನೆಗೆ ಕಳಿಸಿದರು. ಹಿತ್ತಲ ಗಿಡ ಮದ್ದಲ್ಲ.

ಲೆಕ್ಕದ_ಮನುಷ್ಯ

ಅದೇ ವರ್ಷ ಹರಾಜಿನಲ್ಲಿ ಆರ್‌ಸಿಬಿ ಕೊಂಡ ಹಸರಂಗ 26 ವಿಕೆಟ್ ತೆಗೆದ. ಒಂದೇ ಒಂದು ಕಮ್ಮಿ. ಚಾಹಲ್ ಹೋದದ್ದು ಎಲ್ಲರಿಗೂ ನೆನಪಿದೆ, ಹಸರಂಗ ಬಂದದ್ದು ಯಾರಿಗೂ ನೆನಪಿಲ್ಲ. ಅಲ್ಲದೆ ಅದು ಹರಾಜು. ಹರಾಜಿನಲ್ಲಿ ಯಾರಿಗೆ ಹೋಗಬೇಕು ಅನ್ನುವುದು ಬಿಟ್ಟವರ ಕೈಯಲ್ಲಿ ಇರುವುದಿಲ್ಲ. ಫುಟ್‌ಬಾಲ್‌ನಲ್ಲಿ ಒಪ್ಪಂದ ಬಾಕಿ ಇರುವ ತನಕ ಅದು ಇರುತ್ತದೆ. ಕ್ರಿಕೆಟ್ ಇಲ್ಲಿಗೆ ಸಾಕು.

ಈ ಚರ್ಚೆಯ ದೊಡ್ಡ ತೊಂದರೆಯೂ ಇದೇ. ಮುಳುವಾದ ಮಾರಾಟಗಳನ್ನೇ ಹೆಕ್ಕಿ ತರುತ್ತಿದ್ದೀರಿ. ಎದುರಾಳಿಗೆ ಹೋಗಿ ಏನೂ ಮಾಡದವರ ಪಟ್ಟಿ ಯಾರಾದರೂ ಹಾಕುತ್ತೀರಾ?

ಕುಡ್ಲ_ಕೆಂಪು

ನಾನು ಹಾಕುತ್ತೇನೆ ಮಾರಾಯ್ರೇ. ಫರ್ನಾಂಡೊ ಟೊರೆಸ್. 2011ರ ಜನವರಿ 31. ನಮ್ಮ ಲಿವರ್‌ಪೂಲ್ ಅವನನ್ನು ಚೆಲ್ಸಿಗೆ ಮಾರಿತು, 5 ಕೋಟಿ ಪೌಂಡ್‌ಗೆ. ನಮ್ಮ ಜನ ಜೆರ್ಸಿ ಸುಟ್ಟರು, ಬೈದರು. ಅವನು ಚೆಲ್ಸಿಗೆ ಲೀಗ್‌ನಲ್ಲಿ ಹೊಡೆದದ್ದು ಒಟ್ಟು 20 ಗೋಲು. ಅದೇ ದಿನ ಅದರ ಅರ್ಧಕ್ಕಿಂತ ಕಮ್ಮಿ ಬೆಲೆಗೆ ಅಯಾಕ್ಸ್‌ನಿಂದ ನಮಗೆ ಬಂದವನು ಲೂಯಿಸ್ ಸುವಾರೆಜ್. ಅದೇ ದಿನ ಆಂಡಿ ಕ್ಯಾರೊಲ್‌ನನ್ನೂ ತಂದದ್ದು ಬೇರೆ ಕಥೆ, ಅದನ್ನು ಕೇಳಬೇಡಿ.

ಮೇಸನ್ ಮೌಂಟ್ ಇನ್ನೊಬ್ಬ. ಆರು ವರ್ಷದ ಮಗುವಿನಿಂದ ಚೆಲ್ಸಿಯಲ್ಲಿ ಬೆಳೆದವನು. 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕೊಟ್ಟರು. ಹೋದಲ್ಲಿ ಗಾಯದ ಮೇಲೆ ಗಾಯ. ಚೆಲ್ಸಿಗೆ ದುಡ್ಡು ಸಿಕ್ಕಿತು, ತಲೆಬಿಸಿ ಯುನೈಟೆಡ್‌ಗೆ ಸಿಕ್ಕಿತು.

ಗನ್ನರ್_ಹುಬ್ಬಳ್ಳಿ

ಅಲೆಕ್ಸಿಸ್ ಸಾಂಚೆಸ್‌ನನ್ನು ಮರೆತಿರೇನ್ರೀ? 2018ರ ಜನವರಿಯಲ್ಲಿ ನಮ್ಮ ಆರ್ಸೆನಲ್‌ನಿಂದ ಯುನೈಟೆಡ್‌ಗೆ ಹೋದ. ಪಿಯಾನೊ ಬಾರಿಸುತ್ತಾ ವಿಡಿಯೊ ಬೇರೆ. ಸಂಬಳ ನೋಡಿದರೆ ತಲೆ ತಿರುಗುತ್ತಿತ್ತು, ಆಟ ನೋಡಿದರೆ ನಿದ್ದೆ ಬರುತ್ತಿತ್ತು. ನಾವು ಕೊಟ್ಟ ಎಷ್ಟೋ ಆಟಗಾರರ ಪೈಕಿ ಖುಷಿಯಿಂದ ಕೊಟ್ಟದ್ದು ಅಂದರೆ ಇವನೊಬ್ಬನನ್ನೇ.

ಆದರೆ ವಾನ್ ಪರ್ಸಿ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. 2011-12ರಲ್ಲಿ ಲೀಗ್‌ನಲ್ಲಿ 30 ಗೋಲು ಹೊಡೆದವನು. ಇವನನ್ನು ಯಾರೂ ಕಡಿಮೆ ಅಂದಾಜು ಮಾಡಿರಲಿಲ್ಲ. ಒಪ್ಪಂದಕ್ಕೆ ಒಂದೇ ವರ್ಷ ಬಾಕಿ, ಮುಂದುವರಿಸಲ್ಲ ಅಂತ ಅವನೇ ಪತ್ರ ಬರೆದು ಜಗಜ್ಜಾಹೀರು ಮಾಡಿದ. ಆಮೇಲೆ ಕ್ಲಬ್ ಏನು ಮಾಡಬೇಕಿತ್ತು? ಆ ವರ್ಷ ಮಾರದಿದ್ದರೆ ಮುಂದಿನ ವರ್ಷ ಪುಕ್ಕಟೆ ಹೋಗುತ್ತಾನೆ. 1995ರ ಬಾಸ್ಮನ್ ತೀರ್ಪು ಬಂದ ಮೇಲೆ ಒಪ್ಪಂದ ಮುಗಿದ ಆಟಗಾರನನ್ನು ಹಿಡಿದಿಡುವ ದಾರಿಯೇ ಇಲ್ಲ. ಸುಮಾರು 2.4 ಕೋಟಿ ಪೌಂಡ್‌ಗೆ ಕೊಟ್ಟರು. ಅವನು 26 ಗೋಲು ಹೊಡೆದು ಯುನೈಟೆಡ್‌ಗೆ ಲೀಗ್ ಗೆಲ್ಲಿಸಿದ. ಕೊನೆಗೆ ನಮ್ಮ ಮೈದಾನದಲ್ಲೇ, ನಮ್ಮ ಹುಡುಗರೇ ಸಾಲಾಗಿ ನಿಂತು ಅವರಿಗೆ ಚಪ್ಪಾಳೆ ತಟ್ಟಬೇಕಾಯಿತು. ಅದೇ ಪಂದ್ಯದಲ್ಲಿ ಅವನೇ ಪೆನಾಲ್ಟಿ ಗೋಲು ಹೊಡೆದ.

ಹಾಗಾಗಿ ಬೂಟುಬಿಚ್ಚದವರೇ, ಎಲ್ಲ ಕಡೆ ತಪ್ಪು ಕ್ಲಬ್ಬಿನದ್ದೇ ಅನ್ನಬೇಡಿ. ಎಷ್ಟೋ ಸಲ ಆಟಗಾರ ಮೊದಲೇ ಗಂಟುಮೂಟೆ ಕಟ್ಟಿರುತ್ತಾನೆ.

ಬೂಟುಬಿಚ್ಚದವ

ಹುಬ್ಬಳ್ಳಿಯವರೇ, ವಾನ್ ಪರ್ಸಿ ವಿಷಯ ಒಪ್ಪಿದೆ. ಅದು ಕೈಕಟ್ಟಿಸಿಕೊಂಡ ಮಾರಾಟ. ಆದರೆ ನಾನು ಕೇಳುತ್ತಿರುವುದು ಕ್ಲಬ್ ತಾನಾಗಿ ಬಾಗಿಲು ತೋರಿಸಿದ ಪ್ರಕರಣಗಳನ್ನು. ಅದರಲ್ಲಿ ಬಾರ್ಸಿಲೋನಾವನ್ನು ಮೀರಿಸಿದವರು ಯಾರೂ ಇಲ್ಲ. ಒಂದೇ ಕ್ಲಬ್‌ಗೆ ಎರಡು ಸಲ!

ಮೊದಲನೆಯದು 2013. ಡೇವಿಡ್ ವಿಯಾನನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ 51 ಲಕ್ಷ ಯೂರೋಗೆ ಕೊಟ್ಟರು. ಸ್ಪೇನ್ ತಂಡದ ದಾಖಲೆ ಗೋಲುಗಾರ ಅವನು. ಮರುವರ್ಷ ಲೀಗ್‌ನ ಕೊನೆಯ ದಿನ ಅಟ್ಲೆಟಿಕೊ ಬಾರ್ಸಿಲೋನಾ ಮೈದಾನಕ್ಕೇ ಬಂದು 1-1 ಡ್ರಾ ಮಾಡಿಕೊಂಡು ಕಪ್ ಎತ್ತಿಕೊಂಡು ಹೋಯಿತು.

ಎರಡನೆಯದು 2020. ಸುವಾರೆಜ್‌ಗೆ 33 ವರ್ಷ. ಬಾರ್ಸಿಲೋನಾಗೆ 198 ಗೋಲು ಹೊಡೆದಿದ್ದ. ಹೊಸ ಕೋಚ್ ಕೂಮನ್ ಬೇಡ ಅಂದರು. ಸಂಬಳದ ಭಾರ ಇಳಿದರೆ ಸಾಕು ಅನ್ನುವ ಅವಸರ ಕ್ಲಬ್‌ಗೆ. ಕೊಟ್ಟ ಬೆಲೆ ಹೆಚ್ಚೆಂದರೆ 60 ಲಕ್ಷ ಯೂರೋ, ಅದೂ ಶರತ್ತುಗಳ ಮೇಲೆ. ಹೋಗುವಾಗ ಅವನು ಅತ್ತ. ಮೆಸ್ಸಿ ಬಹಿರಂಗವಾಗಿಯೇ ಸಿಟ್ಟು ತೋರಿಸಿದ. ಆ ಸೀಸನ್‌ನಲ್ಲಿ ಸುವಾರೆಜ್ 21 ಗೋಲು. ಕೊನೆಯ ಎರಡು ಪಂದ್ಯ ನೋಡಿದವರಿಗೆ ನೆನಪಿರಬೇಕು. ಒಸಸುನಾ ವಿರುದ್ಧ 88ನೇ ನಿಮಿಷದಲ್ಲಿ ಗೆಲುವಿನ ಗೋಲು ಅವನದು. ಕೊನೆಯ ದಿನ ವಯಾದೊಲಿದ್ ವಿರುದ್ಧ ಗೆಲುವಿನ ಗೋಲೂ ಅವನದೇ. ಅಟ್ಲೆಟಿಕೊ 86, ರಿಯಲ್ 84, ಬಾರ್ಸಿಲೋನಾ 79.

ಈಗ ಒಂದು ವಿಷಯ ಗಮನಿಸಿ. ವಿಯಾನನ್ನು ಮಾರಿದ ವರ್ಷ ಬಾರ್ಸಿಲೋನಾಗೆ 100 ಅಂಕ, ಅಟ್ಲೆಟಿಕೊಗೆ 76. ಪಿರ್ಲೊ ಹೋದಾಗ ಯುವೆಂಟಸ್ 7ನೇ ಸ್ಥಾನ. ಮಾರುವವರು ಹಿಂದಿನ ವರ್ಷದ ಅಂಕಪಟ್ಟಿ ನೋಡಿ "ಇವರು ನಮಗೆ ಎದುರಾಳಿಯೇ ಅಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಕೊಟ್ಟ ಆಟಗಾರನೇ ಅವರನ್ನು ಎದುರಾಳಿ ಮಾಡುತ್ತಾನೆ.

ಹಳೇ_ರೇಡಿಯೊ

ಕ್ಯಾಂಟೊನಾ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲವಲ್ಲ, ಎಲ್ಲ ಹೊಸ ಹುಡುಗರಾ?

1992ರಲ್ಲಿ ಇಂಗ್ಲೆಂಡ್ ಲೀಗ್ ಗೆದ್ದದ್ದು ಲೀಡ್ಸ್. ಎರಡನೇ ಸ್ಥಾನ ಮ್ಯಾಂಚೆಸ್ಟರ್ ಯುನೈಟೆಡ್. ನವೆಂಬರ್‌ನಲ್ಲಿ ಲೀಡ್ಸ್‌ನವರು ಯುನೈಟೆಡ್‌ಗೆ ಫೋನ್ ಮಾಡಿದರು, ಡೆನಿಸ್ ಇರ್ವಿನ್‌ನನ್ನು ಕೊಡುತ್ತೀರಾ ಅಂತ. ಇವರು ಇಲ್ಲ ಅಂದರು. ಮಾತಿನ ಮಧ್ಯೆ ಲೀಡ್ಸ್‌ನ ಕ್ಯಾಂಟೊನಾ ಸಿಗುತ್ತಾನಾ ಅಂತ ಯುನೈಟೆಡ್ ಮ್ಯಾನೇಜರ್ ಫರ್ಗ್ಯೂಸನ್ ಕೇಳಿಸಿದರು. ಸಿಕ್ಕಿಬಿಟ್ಟ! 12 ಲಕ್ಷ ಪೌಂಡ್‌ಗೆ. ಲೀಡ್ಸ್ ಮ್ಯಾನೇಜರ್ ವಿಲ್ಕಿನ್ಸನ್‌ಗೂ ಅವನಿಗೂ ಸರಿ ಹೋಗುತ್ತಿರಲಿಲ್ಲ. ಯುನೈಟೆಡ್‌ಗೆ ಆಗ ಗೋಲಿನ ಬರ. ಶಿಯರರ್ ಕೈತಪ್ಪಿದ್ದ, ಡಬ್ಲಿನ್ ಕಾಲು ಮುರಿದುಕೊಂಡಿದ್ದ. ಲೀಗ್ ಗೆಲ್ಲದ 26 ವರ್ಷದ ಬರ ಆ ಸೀಸನ್‌ಗೆ ಮುಗಿಯಿತು. ಚಾಂಪಿಯನ್ ಲೀಡ್ಸ್ 17ನೇ ಸ್ಥಾನಕ್ಕೆ ಬಿತ್ತು, ಇಡೀ ವರ್ಷ ಹೊರ ಊರಿನಲ್ಲಿ ಒಂದು ಲೀಗ್ ಪಂದ್ಯವನ್ನೂ ಗೆಲ್ಲಲಿಲ್ಲ.

ಅಂಕಪಟ್ಟಿ ವಾದ ಇಲ್ಲಿ ನಡೆಯುವುದಿಲ್ಲ. ಯುನೈಟೆಡ್ ಹಿಂದಿನ ಸೀಸನ್‌ನಲ್ಲಿ ಎರಡನೇ ಸ್ಥಾನ ಪಡೆದ ತಂಡ. ನೇರ ಎದುರಾಳಿ. ಕಣ್ಣು ಬಿಟ್ಟುಕೊಂಡೇ ಕೊಟ್ಟರು. ಮ್ಯಾನೇಜರ್‌ಗೆ ಒಬ್ಬ ಆಟಗಾರನ ಮುಖ ನೋಡಿದರೆ ಆಗಲ್ಲ ಅಂದಾಗ ಎಲ್ಲಿಗೆ ಹೋಗುತ್ತಾನೆ ಅನ್ನುವುದು ಯಾರ ತಲೆಗೂ ಬರುವುದಿಲ್ಲ.

ಲೆಕ್ಕದ_ಮನುಷ್ಯ

ಮುಖ, ಮುನಿಸು ಎಲ್ಲ ಹಳೇ ಕಾಲ ಯಜಮಾನರೇ. ಈಗ ಬ್ಯಾಲೆನ್ಸ್ ಶೀಟ್ ಕಾಲ. ಮ್ಯಾಂಚೆಸ್ಟರ್ ಸಿಟಿ ಅಕಾಡೆಮಿಯಲ್ಲಿ ಬೆಳೆದ ಕೋಲ್ ಪಾಮರ್ ಚೆಲ್ಸಿಗೆ ಯಾಕೆ ಹೋದ ಅಂತ ಹೇಳುತ್ತೇನೆ.

10 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ಒಬ್ಬನನ್ನು ತಂದರೆ ಆ ಖರ್ಚನ್ನು ವರ್ಷಕ್ಕೆ 2 ಕೋಟಿಯಂತೆ ಬರೆಯುತ್ತಾರೆ. ಆದರೆ ಅವನನ್ನು ಮಾರಿದರೆ ಬಂದ ದುಡ್ಡಿನಲ್ಲಿ ಉಳಿದ ಬಾಕಿಯನ್ನು ಕಳೆದು ಲಾಭ ತೋರಿಸಬೇಕು. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಮಾರಿದ ಪೂರ್ತಿ ದುಡ್ಡು ಅದೇ ವರ್ಷದ ಲಾಭ. ಪಾಮರ್ ಹೋದಾಗಿದ್ದ ಪ್ರೀಮಿಯರ್ ಲೀಗ್ ನಿಯಮದಲ್ಲಿ ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ಪೌಂಡ್ ನಷ್ಟಕ್ಕೆ ಮಾತ್ರ ಅವಕಾಶ. ಇಂಥ ನಿಯಮ ಇದ್ದಾಗ ಮನೆ ಹುಡುಗರನ್ನು ಮಾರುವುದೇ ಲಾಭ ಅಂತ ಕಾಣುತ್ತದೆ. ನನ್ನ ಕೇಳಿದರೆ ಇದು ದರಿದ್ರ ನಿಯಮ. ಊರಿನ ಹುಡುಗನನ್ನು ಇಟ್ಟುಕೊಂಡವರಿಗೆ ದಂಡ, ಮಾರಿದವರಿಗೆ ಬಹುಮಾನ.

ಪಾಮರ್ 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಹೋದ. 4 ಕೋಟಿ ಪೌಂಡ್, ಮೇಲೆ ಇನ್ನೊಂದಿಷ್ಟು. ಅವನೂ ಆಡುವ ಅವಕಾಶ ಬೇಕು ಅಂತ ಕೇಳುತ್ತಲೇ ಇದ್ದ, ಸಿಟಿಯ ಆಗಿನ ಕೋಚ್ ಗಾರ್ಡಿಯೋಲಾ ಅವರೇ ಇದನ್ನು ಹೇಳಿದ್ದಾರೆ. ಆ ಸೀಸನ್‌ನಲ್ಲಿ ಲೀಗ್‌ನಲ್ಲಿ 22 ಗೋಲು. ನವೆಂಬರ್‌ನಲ್ಲಿ ಸಿಟಿ ವಿರುದ್ಧವೇ ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಹೊಡೆದು 4-4 ಮಾಡಿದ.

ಆದರೆ ಆ ವರ್ಷ ಲೀಗ್ ಗೆದ್ದವರು ಯಾರು? ಸಿಟಿಯೇ. 2022ರಲ್ಲಿ ಜೀಸಸ್, ಜಿಂಚೆಂಕೊ ಇಬ್ಬರನ್ನೂ ಆರ್ಸೆನಲ್‌ಗೆ ಮಾರಿದರು. ಆರ್ಸೆನಲ್ ತಿಂಗಳುಗಟ್ಟಲೆ ಮೇಲಿತ್ತು, ಕೊನೆಗೆ ಮೂರು ಕಪ್ ಎತ್ತಿದ್ದು ಸಿಟಿ. ಮಾರಿದ ದುಡ್ಡನ್ನು ಸರಿಯಾಗಿ ಬಳಸುವ ಕ್ಲಬ್ ಎದುರಾಳಿಗೂ ಮಾರಬಹುದು. ಬಾರ್ಸಿಲೋನಾ 2020ರಲ್ಲಿ ಬಿದ್ದದ್ದು ಸುವಾರೆಜ್‌ನನ್ನು ಕೊಟ್ಟದ್ದಕ್ಕಲ್ಲ, ಅವನ ಜಾಗಕ್ಕೆ ಯಾರನ್ನೂ ತರಲು ಗಲ್ಲಾಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ ಅನ್ನುವುದಕ್ಕೆ.

ಗನ್ನರ್_ಹುಬ್ಬಳ್ಳಿ

ಆ ಸೀಸನ್ ನೆನಪು ಮಾಡಬೇಡ್ರಿ ಪ್ಲೀಸ್.

ಕಾರವಾರ_ಕಿಕ್

ಯುರೋಪ್ ಬಿಟ್ಟು ಸ್ವಲ್ಪ ಇತ್ತ ಬನ್ನಿ. ನಮ್ಮ ಕಾರವಾರದವರಿಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಹಾಗಾಗಿ ಇಲ್ಲಿ ಎಫ್‌ಸಿ ಗೋವಾ ಅಭಿಮಾನಿಗಳು ಜಾಸ್ತಿ. ನಾನೂ ಒಬ್ಬ.

2020ರ ಜನವರಿ ಕೊನೆಗೆ ಗೋವಾ ಕ್ಲಬ್ ಕೋಚ್ ಸರ್ಜಿಯೊ ಲೊಬೆರಾ ಅವರನ್ನು ತೆಗೆದುಹಾಕಿತು. ತಂಡ ಆಗ ಕಪ್ ಓಟದಲ್ಲಿತ್ತು! ಉಳಿದ ಪಂದ್ಯಗಳನ್ನು ಕ್ಲಿಫರ್ಡ್ ಮಿರಾಂಡ ನೋಡಿಕೊಂಡರು, ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡುವ ಲೀಗ್ ಶೀಲ್ಡ್ ಬಂತು. ಎಲ್ಲರೂ ಖುಷಿ. ಆಮೇಲೆ ಏನಾಯ್ತು? ಮುಂಬೈ ಸಿಟಿ ಲೊಬೆರಾ ಅವರನ್ನು ಕರೆಯಿತು. ಅವರ ಹಿಂದೆ ಅಹ್ಮದ್ ಜಾಹು, ಮುರ್ತದಾ ಫಾಲ್, ಮಂದಾರ್ ರಾವ್ ದೇಸಾಯಿ ಹೋದರು. ಹ್ಯೂಗೊ ಬೂಮೂಸ್‌ಗೆ ಬಿಡುಗಡೆ ಮೊತ್ತ ಕಟ್ಟಿ ಕರೆದುಕೊಂಡರು. ಒಲೆಯ ಮೇಲಿದ್ದ ಪಾತ್ರೆ ಸಮೇತ ಅಡುಗೆಯವರನ್ನು ಪಕ್ಕದ ಮನೆಗೆ ಕಳಿಸಿದ ಹಾಗೆ ಆಯಿತು.

ಆ ಹಿಂದಿನ ಸೀಸನ್‌ನಲ್ಲಿ ಮುಂಬೈ 5ನೇ ಸ್ಥಾನ, ಪ್ಲೇಆಫ್‌ಗೂ ಬಂದಿರಲಿಲ್ಲ. ಬೂಟುಬಿಚ್ಚದವರ ಅಂಕಪಟ್ಟಿ ಮಾತು ಇಲ್ಲಿ ಪಕ್ಕಾ ಹೊಂದುತ್ತದೆ. 2020-21ರಲ್ಲಿ ಮುಂಬೈ ಶೀಲ್ಡೂ ಗೆದ್ದಿತು, ಫೈನಲ್ ಟ್ರೋಫಿಯೂ ಗೆದ್ದಿತು. ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು? ಗೋವಾವನ್ನು. ಪೆನಾಲ್ಟಿಯಲ್ಲಿ 6-5. ಕೊರೊನಾ ಕಾರಣಕ್ಕೆ ಇಡೀ ಸೀಸನ್ ನಡೆದದ್ದು ಗೋವಾದಲ್ಲೇ, ಖಾಲಿ ಸ್ಟೇಡಿಯಂಗಳಲ್ಲಿ. ನಮ್ಮ ನೆಲದಲ್ಲೇ ನಮ್ಮವರೇ ನಮ್ಮನ್ನು ಹೊರಗೆ ಹಾಕಿದರು, ಹೋಗಿ ಬೈಯಲಿಕ್ಕೂ ಆಗಲಿಲ್ಲ.

ಇಲ್ಲಿ ಕಳೆದುಕೊಂಡದ್ದು ಒಬ್ಬ ಆಟಗಾರನನ್ನಲ್ಲ, ಆಡುವ ರೀತಿಯನ್ನೇ. ಕೋಚ್ ಹೋದರೆ ಅವರ ಆಟ ಬಲ್ಲವರೂ ಹೋಗುತ್ತಾರೆ. ಒಬ್ಬೊಬ್ಬರ ಬೆಲೆ ಕೂಡಿಸಿದರೆ ಈ ನಷ್ಟ ಕಾಣುವುದಿಲ್ಲ.

ಆಸ್ಟಿನ್‌ಟೌನ್_10

ಬೆಂಗಳೂರು ಎಫ್‌ಸಿ ಕಡೆಯಿಂದ ಒಂದು. 2022ರಲ್ಲಿ ಎಟಿಕೆ ಮೋಹನ್ ಬಗಾನ್ ರಾಯ್ ಕೃಷ್ಣನನ್ನು ಬಿಟ್ಟಿತು. ಸಂದೇಶ್ ಜಿಂಗಾನ್‌ನನ್ನೂ ಬಿಟ್ಟಿತು. ಇಬ್ಬರೂ ನಮ್ಮಲ್ಲಿಗೆ ಬಂದರು. 2023ರ ಮಾರ್ಚ್‌ನಲ್ಲಿ ಫೈನಲ್‌ನಲ್ಲಿ ಎದುರಿಗೆ ಇದ್ದದ್ದು ಅದೇ ಮೋಹನ್ ಬಗಾನ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಗೋಲು ಹೊಡೆದು 2-1 ಮಾಡಿದಾಗ ನಮ್ಮ ಓಣಿಯಲ್ಲಿ ಪಟಾಕಿ ಹಚ್ಚಿದರು. ಆಮೇಲೆ ಪೆಟ್ರಾಟೊಸ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಶೂಟೌಟ್‌ನಲ್ಲಿ 4-3ಕ್ಕೆ ಅವರೇ ಗೆದ್ದರು.

ಆ ಪೆಟ್ರಾಟೊಸ್‌ನನ್ನು ಅವರು ತಂದದ್ದು ರಾಯ್ ಕೃಷ್ಣ ಹೋದ ಅದೇ ಬೇಸಿಗೆಯಲ್ಲಿ. ಎರಡು ಗೋಲೂ ಅವನದೇ. ಲೆಕ್ಕದ ಮನುಷ್ಯರು ಹೇಳಿದ್ದು ಇದೇ ಅಲ್ವಾ? ಬಿಟ್ಟದ್ದಕ್ಕಿಂತ ತಂದದ್ದು ಮುಖ್ಯ.

ಕುಡ್ಲ_ಕೆಂಪು

ಇಷ್ಟೆಲ್ಲ ಭಯ ಇದ್ದರೆ "ನಮ್ಮ ವಿರುದ್ಧ ಆಡಬಾರದು" ಅಂತ ಒಪ್ಪಂದದಲ್ಲೇ ಬರೆಸಬಹುದಲ್ಲ?

ಲೆಕ್ಕದ_ಮನುಷ್ಯ

ಲೋನ್ ಕೊಟ್ಟಾಗ ಪ್ರೀಮಿಯರ್ ಲೀಗ್‌ನಲ್ಲಿ ಅದು ನಡೆಯುತ್ತದೆ. ಯುರೋಪಿನ ಪಂದ್ಯಗಳಲ್ಲಿ ನಡೆಯಲ್ಲ. 2014ರಲ್ಲಿ ಚೆಲ್ಸಿ ತನ್ನ ಗೋಲ್‌ಕೀಪರ್ ಕೋರ್ಟ್ವಾನನ್ನು ಅಟ್ಲೆಟಿಕೊಗೆ ಲೋನ್ ಕೊಟ್ಟಿತ್ತು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಬ್ಬರೂ ಎದುರಾದರು. ಅವನು ಆಡಿದರೆ ದುಡ್ಡು ಕಟ್ಟಬೇಕು ಅನ್ನುವ ಶರತ್ತು ಇತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅದಕ್ಕೆ ಬೆಲೆ ಇಲ್ಲ ಅಂದಿತು. ಅವನು ಆಡಿದ. ಅಟ್ಲೆಟಿಕೊ ಲಂಡನ್‌ಗೇ ಬಂದು 3-1 ಗೆದ್ದು ಫೈನಲ್‌ಗೆ ಹೋಯಿತು.

ಅದಕ್ಕಿಂತ ಜಾಣ ದಾರಿ ಮರುಖರೀದಿ ಶರತ್ತು. ರಿಯಲ್ ಮ್ಯಾಡ್ರಿಡ್ ಇದರಲ್ಲಿ ಪಳಗಿದ ಕೈ. 2014ರಲ್ಲಿ ಮೊರಾಟಾನನ್ನು ಯುವೆಂಟಸ್‌ಗೆ 2 ಕೋಟಿ ಯೂರೋಗೆ ಮಾರಿತು, ಬೇಕಾದಾಗ ವಾಪಸ್ ಕೊಳ್ಳುವ ಹಕ್ಕು ಇಟ್ಟುಕೊಂಡು. 2016ರಲ್ಲಿ 3 ಕೋಟಿಗೆ ವಾಪಸ್ ತಂದಿತು, ಮರುವರ್ಷ ಚೆಲ್ಸಿಗೆ ಅದರ ಎರಡರಷ್ಟು ಬೆಲೆಗೆ ಮಾರಿತು.

ಬೂಟುಬಿಚ್ಚದವ

ಮಧ್ಯದ 2015 ಬಿಟ್ಟಿರಲ್ಲ? ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಎರಡೂ ಪಂದ್ಯದಲ್ಲಿ ರಿಯಲ್ ವಿರುದ್ಧ ಗೋಲು ಹೊಡೆದದ್ದು ಮೊರಾಟಾ. ರಿಯಲ್ ಔಟ್.

ಲೆಕ್ಕದ_ಮನುಷ್ಯ

ಒಂದು ಸೆಮಿಫೈನಲ್ ಹೋಯಿತು, ಆಮೇಲೆ ಸಾಲಾಗಿ ಮೂರು ಕಪ್ ಬಂತು. ನಾನು ರಿಯಲ್ ಅಧ್ಯಕ್ಷ ಆಗಿದ್ದರೆ ಆ ವ್ಯಾಪಾರವನ್ನು ಮತ್ತೆ ಮಾಡುತ್ತಿದ್ದೆ.

ಸಾನ್‌ಸಿರೊ_ಶಿವಮೊಗ್ಗ

2015ರ ಯುವೆಂಟಸ್ ಮಿಡ್‌ಫೀಲ್ಡ್‌ನಲ್ಲಿ ಯಾರಿದ್ದರು ಅಂತ ಒಂದು ಸಲ ನೋಡಿ. ಪಿರ್ಲೊ. ವಯಸ್ಸು ಆಗ 35, ಮತ್ತು ನಮ್ಮ ಆಡಳಿತದ ಪ್ರಕಾರ ಅವನ ಆಟ ಮುಗಿದು ನಾಲ್ಕು ವರ್ಷ ಆಗಿತ್ತು.